ವಸಡು ಕಳಿಸುವ ಅಲರ್ಟ್

ಆಫೀಸಿನ ವಾರ್ಷಿಕ ಹೆಲ್ತ್ ಚೆಕಪ್ ರಿಪೋರ್ಟು ಫೋನಿಗೆ ಬಂದಾಗ ಎಲ್ಲರೂ ಮೊದಲು ಹುಡುಕೋದು ಕೆಂಪಕ್ಷರದ ಸಾಲುಗಳನ್ನ. ವಿಟಮಿನ್ ಡಿ ಕಡಿಮೆ ಅಂತಿದ್ದರೆ ಯಾರೂ ತಲೆ ಕೆಡಿಸಿಕೊಳ್ಳಲ್ಲ. ದಿನವಿಡೀ ಎಸಿ ರೂಮಿನಲ್ಲಿ ಕೂರುವ ನಮ್ಮೆಲ್ಲರ ಹಣೆಬರಹ ಅದು. ಕೊಲೆಸ್ಟ್ರಾಲ್ ಜಾಸ್ತಿ ಅಂತಿದ್ದರೆ ಶುಕ್ರವಾರದ ಬಿರಿಯಾನಿ ಮೇಲೆ ತಪ್ಪು ಹೊರಿಸಬಹುದು. ಆದರೆ ಈಚೆಗೆ ಕೆಲವು ಪ್ಯಾಕೇಜುಗಳಲ್ಲಿ ಸೇರಿಕೊಂಡಿರುವ ‘ಎಚ್ಎಸ್-ಸಿಆರ್‌ಪಿ’ ಅನ್ನೋ ಸಾಲು ಕೆಂಪಾದರೆ ಮಾತ್ರ ಜನ ಬೆಚ್ಚಿ ಬೀಳ್ತಾರೆ. ಯಾಕಂದ್ರೆ ಅದರ ಪಕ್ಕದಲ್ಲೇ ‘ಹೃದಯದ ಅಪಾಯ’ ಅಂತ ಬರೆದಿರುತ್ತೆ.

ರಿಪೋರ್ಟ್ ಓದೋದು ಹೇಗೆ ಅಂತ ಈ ಅಂಕಣದಲ್ಲಿ ಹಿಂದೊಮ್ಮೆ ಬರೆದ ಮೇಲೆ ಹೆಚ್ಚು ಪ್ರಶ್ನೆಗಳು ಬಂದಿದ್ದು ಈ ಸಾಲಿನ ಬಗ್ಗೆಯೇ. ವಯಸ್ಸು ಮೂವತ್ತರ ಆಸುಪಾಸು, ಇಸಿಜಿ ಸರಿ ಇದೆ, ಬಿಪಿ ಸರಿ ಇದೆ, ಈ ಒಂದು ನಂಬರ್ ಮಾತ್ರ ಯಾಕೆ ಮೇಲಿದೆ ಅಂತ. ನಾನು ಡಾಕ್ಟರಲ್ಲ, ಕೋಡ್ ಬರೆದು ಹೊಟ್ಟೆ ಹೊರೆಯೋನು. ಈ ವಿಷಯ ಓದಲು ಶುರು ಮಾಡಿದ್ದು ನಮ್ಮಪ್ಪನ ಹಲ್ಲಿನ ದೆಸೆಯಿಂದ. ಅದನ್ನ ಆಮೇಲೆ ಹೇಳ್ತೀನಿ. ಮೊದಲು ಈ ನಂಬರ್ ಏನು ಅಂತ ನೋಡೋಣ.

ಎಲ್ಲಿ ಅಂತ ಹೇಳದ ಅಲರ್ಟ್

ಸಿಆರ್‌ಪಿ ಅಂದ್ರೆ ಸಿ-ರಿಯಾಕ್ಟಿವ್ ಪ್ರೋಟೀನ್. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ಎಂಬ ಇಬ್ಬರು ಇದನ್ನು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಕಂಡುಹಿಡಿದರು. ದೇಹದ ಯಾವುದೋ ಮೂಲೆಯಲ್ಲಿ ಉರಿಯೂತ ಶುರುವಾದಾಗ ಅಲ್ಲಿನ ಜೀವಕೋಶಗಳು ಇಂಟರ್‌ಲ್ಯೂಕಿನ್-6 ಎಂಬ ರಾಸಾಯನಿಕ ಸಂದೇಶವನ್ನು ರಕ್ತಕ್ಕೆ ಬಿಡುತ್ತವೆ. ಲಿವರ್ ಆ ಸಂದೇಶ ಓದಿ ಸಿಆರ್‌ಪಿ ತಯಾರಿಸುತ್ತದೆ. ಉರಿಯೂತ ತಣ್ಣಗಾದರೆ ಸಿಆರ್‌ಪಿಯೂ ಬೇಗ ಇಳಿಯುತ್ತದೆ. ರಕ್ತದಲ್ಲಿ ಇರುವುದರಲ್ಲಿ ಅರ್ಧ ಸುಮಾರು 19 ಗಂಟೆಯಲ್ಲಿ ಖಾಲಿ.

ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಹೃದಯದ ದೃಷ್ಟಿಯಿಂದ ಕಡಿಮೆ ಅಪಾಯ, 1ರಿಂದ 3 ಮಧ್ಯಮ, 3ಕ್ಕಿಂತ ಮೇಲೆ ಹೆಚ್ಚು. ಅಮೆರಿಕದ ಹೃದಯ ತಜ್ಞರು 2003ರಲ್ಲಿ ಹಾಕಿಕೊಟ್ಟ ಗೆರೆಗಳಿವು. 10ಕ್ಕಿಂತ ಮೇಲಿದ್ದರೆ ಬೇರೆ ಯಾವುದೋ ಸೋಂಕು ಇರಬಹುದು, ಅದು ವಾಸಿಯಾದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿ ಅಂತಾರೆ. ಒಂದು ಎಚ್ಚರಿಕೆ: ಕೆಲವು ಲ್ಯಾಬುಗಳು ಲೀಟರ್ ಲೆಕ್ಕದಲ್ಲಿ ಕೊಡುತ್ತವೆ, ಕೆಲವು ಡೆಸಿಲೀಟರ್ ಲೆಕ್ಕದಲ್ಲಿ. ಎರಡರ ನಡುವೆ ಹತ್ತು ಪಟ್ಟು ವ್ಯತ್ಯಾಸ. ಹೆದರುವ ಮೊದಲು ಯೂನಿಟ್ ನೋಡಿ.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಇದು ‘ಸಿಸ್ಟಮ್‌ನಲ್ಲಿ ಏನೋ ತೊಂದರೆ ಇದೆ’ ಅಂತಷ್ಟೇ ಹೇಳುವ ಅಲರ್ಟ್. ಯಾವ ಸರ್ವರ್, ಯಾವ ಸರ್ವಿಸ್ ಅಂತ ಹೇಳಲ್ಲ. ಹೋದ ವಾರದ ನೆಗಡಿ, ಹೊಟ್ಟೆ ಸುತ್ತಲಿನ ಬೊಜ್ಜು, ಸಿಗರೇಟು, ಕೀಲುಗಳ ಕಾಯಿಲೆ, ಹಿಂದಿನ ದಿನ ಜಿಮ್‌ನಲ್ಲಿ ಮಾಡಿದ ವಿಪರೀತ ವರ್ಕೌಟ್, ಏನು ಬೇಕಾದರೂ ಕಾರಣ ಇರಬಹುದು. ಈ ಪಟ್ಟಿಯಲ್ಲಿ ಜನ ಬಿಟ್ಟುಬಿಡುವ ಹೆಸರು ಒಂದಿದೆ: ವಸಡು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ವಸಡಿನ ಕಾಯಿಲೆ ತೀವ್ರವಾಗಿರುವವರು ಜಗತ್ತಿನಲ್ಲಿ 100 ಕೋಟಿಗೂ ಹೆಚ್ಚು, ವಯಸ್ಕರಲ್ಲಿ ಶೇಕಡಾ 19ರಷ್ಟು. ಇಷ್ಟಾದರೂ ರಕ್ತ, ಮೂತ್ರ, ಎದೆಯ ಎಕ್ಸ್‌ರೇ ಎಲ್ಲ ಮಾಡಿಸಿದ ಮೇಲೂ ‘ಬಾಯಿ ತೆಗೀರಿ’ ಅಂತ ಕೇಳುವವರು ಕಡಿಮೆ. ಡೆಂಟಲ್ ಅನ್ನೋದು ಹೆಚ್ಚೆಂದರೆ ಪ್ಯಾಕೇಜಿನ ಕೊನೆಯಲ್ಲಿ ಬರುವ ಡಿಸ್ಕೌಂಟ್ ಕೂಪನ್.

ಉರಿಯೂ ಇಲ್ಲ, ನೋವೂ ಇಲ್ಲ

‘ಉರಿಯೂತ’ ಅನ್ನೋ ಪದವನ್ನ ಬಿಡಿಸಿ ನೋಡಿ. ಉರಿ ಮತ್ತು ಊತ. ಕಾಲಿಗೆ ಮುಳ್ಳು ಚುಚ್ಚಿ ಎರಡು ದಿನ ಬಿಟ್ಟಾಗ ಆಗುತ್ತಲ್ಲ, ಕೆಂಪಗೆ, ಬಿಸಿಯಾಗಿ, ಉಬ್ಬಿಕೊಂಡು, ಮುಟ್ಟಿದರೆ ಪ್ರಾಣ ಹೋಗುವ ಹಾಗೆ. ವಸಡಿನ ವಿಷಯದಲ್ಲಿ ಈ ಪದ ನಮ್ಮನ್ನ ದಾರಿ ತಪ್ಪಿಸುತ್ತೆ. ವಸಡಿನ ಉರಿಯೂತದಲ್ಲಿ ಸಾಮಾನ್ಯವಾಗಿ ಉರಿ ಇರಲ್ಲ, ನೋವಿರಲ್ಲ, ಊತವೂ ಕನ್ನಡಿಯಲ್ಲಿ ಗೊತ್ತಾಗುವಷ್ಟಿರಲ್ಲ. ಹಲ್ಲುಜ್ಜಿ ಉಗುಳಿದಾಗ ನೊರೆ ಸ್ವಲ್ಪ ಗುಲಾಬಿ ಬಣ್ಣಕ್ಕೆ ಬರುತ್ತೆ, ಅಷ್ಟೇ.

ಅದಕ್ಕೆ ನಮ್ಮ ಮನೆಗಳಲ್ಲಿ ಒಂದು ಸಿದ್ಧ ಉತ್ತರ ಇದೆ: ಉಷ್ಣ ಆಗಿದೆ, ಎಳನೀರು ಕುಡಿ. ಎಳನೀರಿನ ಮೇಲೆ ನನಗೇನೂ ದ್ವೇಷ ಇಲ್ಲ. ಆದರೆ ಹಲ್ಲು ಮತ್ತು ವಸಡಿನ ಸಂದಿಯಲ್ಲಿ ಕೂತಿರುವ ಕೊಳೆಯನ್ನ ಅದು ತೆಗೆಯಲ್ಲ.

ಈ ಕೊಳೆಯನ್ನ ಡಾಕ್ಟರುಗಳು ಪ್ಲಾಕ್ ಅಂತಾರೆ. ಎರಡು ದಿನ ಹಲ್ಲುಜ್ಜದೆ ಉಗುರಿನಿಂದ ಕೆರೆದರೆ ಬಿಳಿ ಹಿಟ್ಟಿನ ಥರ ಬರುತ್ತಲ್ಲ, ಅದೇ. ಅದು ಬರೀ ಊಟದ ಚೂರಲ್ಲ, ಬ್ಯಾಕ್ಟೀರಿಯಾಗಳು ಒಟ್ಟಾಗಿ ಕಟ್ಟಿಕೊಂಡ ಬಡಾವಣೆ. ಇದರಿಂದಲೇ ವಸಡು ಕೆಡುತ್ತೆ ಅಂತ ಗಟ್ಟಿಯಾಗಿ ತೋರಿಸಿದ್ದು 1965ರಲ್ಲಿ ಪ್ರಕಟವಾದ ಒಂದು ಸರಳ ಪ್ರಯೋಗ. ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು ವಸಡು ಚೆನ್ನಾಗಿದ್ದ 12 ಜನರಿಗೆ ಹಲ್ಲುಜ್ಜೋದನ್ನ ನಿಲ್ಲಿಸಿ ಅಂದರು. ಅವರಲ್ಲಿ ಹೆಚ್ಚಿನವರು ದಂತ ವೈದ್ಯಕೀಯದ ವಿದ್ಯಾರ್ಥಿಗಳೇ. 10ರಿಂದ 21 ದಿನಗಳೊಳಗೆ ಅಷ್ಟೂ ಜನರ ವಸಡು ಕೆಂಪಾಗಿ ಉರಿಯೂತ ಶುರುವಾಯ್ತು. ಮತ್ತೆ ಉಜ್ಜಲು ಶುರು ಮಾಡಿದ ಮೇಲೆ ಸುಮಾರು ಒಂದು ವಾರದಲ್ಲಿ ಎಲ್ಲರದೂ ಮೊದಲಿನಂತಾಯ್ತು.

ಈ ಹಂತಕ್ಕೆ ಜಿಂಜಿವೈಟಿಸ್ ಅಂತ ಹೆಸರು. ಇಲ್ಲಿಯವರೆಗೆ ಎಲ್ಲವನ್ನೂ ಹಿಂದಕ್ಕೆ ತರಬಹುದು. ಇದನ್ನ ದಾಟಿ ಉರಿಯೂತ ಒಳಗಿಳಿದು ಹಲ್ಲನ್ನು ಹಿಡಿದಿರುವ ನಾರು ಮತ್ತು ದವಡೆ ಮೂಳೆಯನ್ನು ತಿನ್ನಲು ಶುರು ಮಾಡಿದರೆ ಅದು ಪೆರಿಯೊಡಾಂಟೈಟಿಸ್. ಅಲ್ಲಿ ಕಳೆದುಕೊಂಡ ಮೂಳೆ ಉಜ್ಜಿದ ಮಾತ್ರಕ್ಕೆ ವಾಪಸ್ ಬರಲ್ಲ. ಕಾಯಿಲೆಯನ್ನ ಅಲ್ಲಿಗೆ ನಿಲ್ಲಿಸಬಹುದು, ಅಷ್ಟೇ.

ಒಂದೇ ಕೊಳೆ, ಮೂರು ಹಣೆಬರಹ

ಕೊಳೆ ಇದ್ದ ಎಲ್ಲರಿಗೂ ಮೂಳೆ ಹೋಗುತ್ತಾ? ಇದಕ್ಕೆ ಉತ್ತರ ಸಿಕ್ಕಿದ್ದು ಶ್ರೀಲಂಕಾದ ಟೀ ತೋಟಗಳಲ್ಲಿ. ಅದೇ ಹರಾಲ್ಡ್ ಲೋ ತಂಡ 1970ರಿಂದ 1985ರವರೆಗೆ ಅಲ್ಲಿನ 480 ಗಂಡು ಕಾರ್ಮಿಕರ ಬಾಯನ್ನು ಮತ್ತೆ ಮತ್ತೆ ಪರೀಕ್ಷಿಸಿತು. ಇವರು ಬ್ರಶ್ ಬಳಸುತ್ತಿರಲಿಲ್ಲ, ಹಲ್ಲಿನ ಡಾಕ್ಟರನ್ನು ಕಂಡವರಲ್ಲ. ಎಲ್ಲರ ಬಾಯಲ್ಲೂ ಕೊಳೆ ಇತ್ತು, ಗಟ್ಟಿಯಾದ ಟಾರ್ಟರ್ ಇತ್ತು, ವಸಡು ಕೆಂಪಾಗಿತ್ತು. ಹದಿನೈದು ವರ್ಷ ಕಾಯಿಲೆಯನ್ನ ಸುಮ್ಮನೆ ಅಳೆಯುತ್ತಾ ಹೋಗುವ ಇಂಥ ಅಧ್ಯಯನವನ್ನು ಇವತ್ತು ಯಾರೂ ಸುಲಭವಾಗಿ ಒಪ್ಪಲ್ಲ. ಆದರೆ ಅದು ಹೇಳಿದ ಸತ್ಯ ದೊಡ್ಡದು.

ಅವರಲ್ಲಿ ಶೇಕಡಾ 8ರಷ್ಟು ಜನರ ಹಲ್ಲಿನ ಬುಡ ವೇಗವಾಗಿ ಕುಸಿಯಿತು. 45ರ ಹೊತ್ತಿಗೆ ಈ ಗುಂಪಿನವರು ಹೆಚ್ಚುಕಡಿಮೆ ಎಲ್ಲ ಹಲ್ಲುಗಳನ್ನೂ ಕಳೆದುಕೊಂಡಿದ್ದರು. ಶೇಕಡಾ 81ರಷ್ಟು ಜನರದ್ದು ನಿಧಾನಗತಿ. ಉಳಿದ ಶೇಕಡಾ 11 ಜನರಿಗೆ ವಸಡು ಕೆಂಪಾಗಿದ್ದು ಬಿಟ್ಟರೆ ಒಳಗೆ ಏನೂ ಆಗಲೇ ಇಲ್ಲ!

ಅಂದರೆ ಕೊಳೆ ಕಿಡಿ ಹಚ್ಚುತ್ತೆ, ನಿಜ. ಆದರೆ ಎಷ್ಟು ಸುಡಬೇಕು ಅಂತ ಬಹುಪಾಲು ನಿರ್ಧರಿಸೋದು ನಮ್ಮದೇ ದೇಹ. ಬ್ಯಾಕ್ಟೀರಿಯಾ ನೇರವಾಗಿ ನಮ್ಮ ಮೂಳೆಯನ್ನ ಕಡಿದು ತಿನ್ನಲ್ಲ. ಅದನ್ನ ಓಡಿಸಲು ಬಂದ ನಮ್ಮ ಸೈನ್ಯವೇ ಮನೆ ಕೆಡವುತ್ತೆ. ಹಾಗೆ ಕೆಡವುವಾಗ ಅದು ಬಿಟ್ಟುಹೋಗುವ ರಾಸಾಯನಿಕ ಕುರುಹುಗಳಿಗೇ ಜೈವಿಕ ಸೂಚಕಗಳು, ಬಯೋಮಾರ್ಕರ್‌ಗಳು ಅನ್ನೋದು.

ಗೊದಮೊಟ್ಟೆಯ ಬಾಲ ಮತ್ತು ನಮ್ಮ ವಸಡು

ಈ ಕುರುಹುಗಳು ಹುಟ್ಟುವ ಕ್ರಮ ನೋಡಿ. ಬ್ಯಾಕ್ಟೀರಿಯಾದ ಸುಳಿವು ಸಿಕ್ಕ ಕೂಡಲೇ ವಸಡಿನ ಕೋಶಗಳು ಇಂಟರ್‌ಲ್ಯೂಕಿನ್-1 ಬೀಟಾ ಮತ್ತು ಟಿಎನ್ಎಫ್-ಆಲ್ಫಾ ಎಂಬ ಸಂದೇಶಗಳನ್ನ ಹೊರಡಿಸುತ್ತವೆ. ನಮ್ಮ ಟೀಮ್ ಗ್ರೂಪಿನಲ್ಲಿ ರಾತ್ರಿ ಎರಡು ಗಂಟೆಗೆ ‘ಪ್ರೊಡಕ್ಷನ್ ಡೌನ್’ ಅಂತ ಬಂದ ಹಾಗೆ. ರಕ್ತನಾಳಗಳು ಹಿಗ್ಗುತ್ತವೆ, ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಸಾಲುಗಟ್ಟಿ ಬರುತ್ತವೆ. ಪ್ರೊಸ್ಟಗ್ಲಾಂಡಿನ್ ಇ2 ಎಂಬ ಇನ್ನೊಂದು ರಾಸಾಯನಿಕವೂ ಏರುತ್ತದೆ.

ನ್ಯೂಟ್ರೋಫಿಲ್‌ಗಳ ಜೋಳಿಗೆಯಲ್ಲಿ ಎಂಎಂಪಿ-8 ಅನ್ನೋ ಕಿಣ್ವ ಇರುತ್ತೆ. ಕೊಲಾಜೆನ್ ನಾರನ್ನ ಕತ್ತರಿಸೋದು ಅದರ ಕೆಲಸ. ಪ್ರಾಣಿಗಳ ದೇಹದಲ್ಲಿ ಇಂಥ ಕಿಣ್ವ ಇದೆ ಅಂತ ಮೊದಲು ಗೊತ್ತಾಗಿದ್ದು 1962ರಲ್ಲಿ, ಗೊದಮೊಟ್ಟೆಯ ಬಾಲದಿಂದ. ಗೊದಮೊಟ್ಟೆ ಕಪ್ಪೆಯಾಗುವಾಗ ಬಾಲ ಉದುರಿ ಬೀಳಲ್ಲ, ಕರಗಿ ಹೋಗುತ್ತೆ. ಹೇಗೆ ಅಂತ ಹುಡುಕಿದ ಜೆರೋಮ್ ಗ್ರಾಸ್ ಮತ್ತು ಚಾರ್ಲ್ಸ್ ಲಪಿಯೆರ್ ಅವರಿಗೆ ಕೊಲಾಜೆನ್ ಕರಗಿಸುವ ಕಿಣ್ವ ಸಿಕ್ಕಿತು. ಬಾಲ ಕರಗಿಸುವ ಕಿಣ್ವದ ಬಂಧುವೇ ನಮ್ಮ ಬಾಯಲ್ಲಿ ಹಲ್ಲನ್ನು ಮೂಳೆಗೆ ಕಟ್ಟಿರುವ ನಾರುಗಳನ್ನ ಕರಗಿಸೋದು.

ಕೊನೆಯ ಸರದಿ ಮೂಳೆಯದು. ದೇಹದಲ್ಲಿ ಮೂಳೆ ಕಟ್ಟುವ ಕೋಶಗಳಿವೆ, ಮೂಳೆ ಕರಗಿಸುವ ಕೋಶಗಳೂ ಇವೆ. ಕರಗಿಸುವವರಿಗೆ ‘ಕೆಲಸ ಶುರು ಮಾಡಿ’ ಅಂತ ಹೇಳುವ ಪ್ರೋಟೀನಿನ ಹೆಸರು ರ್‍ಯಾಂಕ್-ಎಲ್. ಅದನ್ನ ಮಧ್ಯದಲ್ಲೇ ಹಿಡಿದು ತಡೆಯುವ ಪ್ರೋಟೀನ್ ಆಸ್ಟಿಯೋಪ್ರೊಟಿಗೆರಿನ್. ಆರೋಗ್ಯವಂತರಲ್ಲಿ ಇವೆರಡೂ ತಕ್ಕಡಿಯಲ್ಲಿ ಸಮ ಇರುತ್ತವೆ. ಉರಿಯೂತ ಹಳೆಯದಾದಂತೆ ತಕ್ಕಡಿ ರ್‍ಯಾಂಕ್-ಎಲ್ ಕಡೆಗೆ ವಾಲುತ್ತೆ.

ಇದೆಲ್ಲ ಬರೀ ಥಿಯರಿ ಅಲ್ಲ ಅನ್ನೋದಕ್ಕೆ ಒಂದು ಸಾಕ್ಷಿ ಇದೆ. ಡಾಕ್ಸಿಸೈಕ್ಲಿನ್ ಅಂತ ಒಂದು ಹಳೆಯ ಆಂಟಿಬಯಾಟಿಕ್. ಅಮೆರಿಕದ ಲಾರ್ನ್ ಗೊಲುಬ್ ಅವರ ತಂಡ ಈ ಜಾತಿಯ ಔಷಧಗಳು ಬ್ಯಾಕ್ಟೀರಿಯಾ ಕೊಲ್ಲೋದಲ್ಲದೆ ಕೊಲಾಜೆನ್ ಕತ್ತರಿಸುವ ಕಿಣ್ವವನ್ನೂ ತಡೆಯುತ್ತವೆ ಅಂತ ತೋರಿಸಿತು. ಬ್ಯಾಕ್ಟೀರಿಯಾಗೆ ತಾಗದಷ್ಟು ಸಣ್ಣ ಪ್ರಮಾಣದಲ್ಲಿ, 20 ಮಿಲಿಗ್ರಾಂನಂತೆ ದಿನಕ್ಕೆರಡು ಸಲ ಕೊಡುವ ಚಿಕಿತ್ಸೆಗೆ 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಕೊಳೆ ತೆಗೆದ ಮೇಲೆ ಜೊತೆಗೆ ಕೊಡುವ ಮಾತ್ರೆ ಅದು, ಕೊಳೆ ತೆಗೆಯುವ ಬದಲಿಗೆ ಅಲ್ಲ. ಇದನ್ನ ಓದಿ ಮೆಡಿಕಲ್ ಶಾಪಿಗೆ ಹೋಗಿ ಡಾಕ್ಸಿ ಕೇಳಬೇಡಿ, ಪ್ಲೀಸ್.

ಅಳೆಯೋದು ಎಲ್ಲಿ, ಯಾಕೆ?

ಹಲ್ಲು ಮತ್ತು ವಸಡಿನ ನಡುವೆ ಒಂದು ಸಣ್ಣ ಸಂದಿ ಇದೆ. ಅಲ್ಲಿ ಸದಾ ಅತಿ ಸ್ವಲ್ಪ ದ್ರವ ಜಿನುಗುತ್ತಿರುತ್ತೆ. ಉರಿಯೂತ ಇದ್ದರೆ ಜಿನುಗೋದು ಹೆಚ್ಚಾಗುತ್ತೆ. ಕಡ್ಡಿಯಂಥ ಕಾಗದದ ಪಟ್ಟಿಯನ್ನ ಆ ಸಂದಿಯಲ್ಲಿ ಕೆಲವು ಸೆಕೆಂಡು ಇಟ್ಟು ದ್ರವ ಹೀರಿಸಿಕೊಂಡು ಲ್ಯಾಬಿನಲ್ಲಿ ಈ ಸೂಚಕಗಳನ್ನ ಅಳೆಯುತ್ತಾರೆ. ಲಾಲಾರಸದಲ್ಲೂ ಅಳೆಯಬಹುದು. ರಕ್ತದಲ್ಲಿ ಅಳೆದಾಗ ಸಿಗೋದು ಇಂಟರ್‌ಲ್ಯೂಕಿನ್-6, ಸಿಆರ್‌ಪಿಯಂಥ ದೂರದ ಪ್ರತಿಧ್ವನಿ.

ಹಲ್ಲಿನ ಡಾಕ್ಟರ ಹತ್ತಿರ ಅಳತೆ ಕಡ್ಡಿ ಇರುವಾಗ ಇದೆಲ್ಲ ಯಾಕೆ? ಆ ಕಡ್ಡಿಗೆ ಪ್ರೋಬ್ ಅಂತಾರೆ, ಮಿಲಿಮೀಟರ್ ಗುರುತುಗಳಿರುತ್ತವೆ. ಅದನ್ನ ಮೆಲ್ಲಗೆ ಸಂದಿಯೊಳಗೆ ಇಳಿಸಿದಾಗ 1ರಿಂದ 3 ಮಿಲಿಮೀಟರ್ ಇಳಿದರೆ ಸರಿ. ಅದಕ್ಕಿಂತ ಆಳ ಹೋದಷ್ಟೂ ಚಿಂತೆ. ಸಮಸ್ಯೆ ಏನಂದ್ರೆ, ಪ್ರೋಬ್ ಮತ್ತು ಎಕ್ಸ್‌ರೇ ತೋರಿಸೋದು ಆಗಿಹೋದ ನಷ್ಟವನ್ನ. ಕ್ರ್ಯಾಶ್ ಆದ ಮೇಲೆ ಬರೆಯುವ ರಿಪೋರ್ಟಿನ ಥರ. 5 ಮಿಲಿಮೀಟರ್ ಆಳ ಹತ್ತು ವರ್ಷದ ಹಿಂದೆ ಆಗಿ ನಿಂತಿದ್ದೋ, ಈ ತಿಂಗಳೂ ಕೊರೆಯುತ್ತಲೇ ಇದೆಯೋ, ಒಂದು ಸಲದ ಅಳತೆಯಿಂದ ಗೊತ್ತಾಗಲ್ಲ. ಸೂಚಕಗಳ ಆಸೆ ಇರೋದು ಇಲ್ಲಿ. ಈಗ ಏನಾಗ್ತಿದೆ ಅಂತ ಅವು ಹೇಳಬಲ್ಲವು.

ಈ ದಾರಿಯಲ್ಲಿ ತುಂಬ ಮುಂದೆ ಹೋಗಿರೋದು ಎಂಎಂಪಿ-8. ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ಟಿಮೊ ಸೊರ್ಸಾ ಮತ್ತು ಸಂಗಡಿಗರ ಸಂಶೋಧನೆಯಿಂದ, ಚುರುಕಾಗಿರುವ ಎಂಎಂಪಿ-8 ಪತ್ತೆ ಮಾಡುವ ಪರೀಕ್ಷೆಯೇ ಬಂದಿದೆ. ಬಾಯಿ ಮುಕ್ಕಳಿಸಿದ ನೀರನ್ನ ಪಟ್ಟಿಗೆ ಹಾಕಿದರೆ, ಕೋವಿಡ್ ರ್‍ಯಾಪಿಡ್ ಟೆಸ್ಟ್ ಥರ ಕೆಲವೇ ನಿಮಿಷದಲ್ಲಿ ಗೆರೆ ಮೂಡುತ್ತೆ.

ಹಾಗಾದ್ರೆ ಎಲ್ಲರೂ ಮಾಡಿಸಬೇಕಾ? ಇನ್ನೂ ಇಲ್ಲ. 2017ರಲ್ಲಿ ಜಗತ್ತಿನ ತಜ್ಞರು ಶಿಕಾಗೋದಲ್ಲಿ ಸೇರಿ ವಸಡಿನ ಕಾಯಿಲೆಯ ಹೊಸ ವರ್ಗೀಕರಣ ಮಾಡಿದರು. ಕಾಯಿಲೆ ಎಷ್ಟು ವೇಗದ್ದು ಅಂತ ಹೇಳುವ ಗ್ರೇಡುಗಳನ್ನ ಅದರಲ್ಲಿ ತಂದರು. ಅದಕ್ಕೆ ಬಳಸೋದು ವಯಸ್ಸಿಗೆ ಹೋಲಿಸಿದರೆ ಹೋದ ಮೂಳೆ, ದಿನಕ್ಕೆ ಸೇದುವ ಸಿಗರೇಟು, ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಎಚ್‌ಬಿಎ1ಸಿ. ಸಿಆರ್‌ಪಿ ಮತ್ತು ಇತರ ಸೂಚಕಗಳಿಗೆ ಜಾಗ ಕಾಯ್ದಿರಿಸಿದರು, ಆದರೆ ಸಾಕಷ್ಟು ಪುರಾವೆ ಬರಲಿ ಅಂತ ಕಾಯುತ್ತಿದ್ದಾರೆ. ಒಂದೇ ಸೂಚಕ ಬೇರೆ ಕಾರಣಕ್ಕೂ ಏರಬಹುದು. ಸುಳ್ಳು ಅಲರ್ಟುಗಳ ಕಾಟ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನಮ್ಮಪ್ಪನ ಎರಡು ದವಡೆ ಹಲ್ಲು

ಅಪ್ಪ ತಿಪಟೂರಿನಲ್ಲಿ ಹೈಸ್ಕೂಲ್ ಮೇಷ್ಟ್ರಾಗಿ ರಿಟೈರ್ ಆದವರು. ಶುಗರ್ ಬಂದು ಒಂಬತ್ತು ವರ್ಷ. ಮಾತ್ರೆ ತಪ್ಪಿಸಲ್ಲ, ಬೆಳಗಿನ ವಾಕಿಂಗ್ ತಪ್ಪಿಸಲ್ಲ. ಆದರೂ ಎಚ್‌ಬಿಎ1ಸಿ 8ರಿಂದ ಕೆಳಗಿಳಿಯುತ್ತಿರಲಿಲ್ಲ. ಪ್ರತಿ ಸಲ ಮಾತ್ರೆ ಹೆಚ್ಚಾಗುತ್ತಿತ್ತು, ಅಮ್ಮನ ಮೇಲೆ ‘ನೀನು ಅನ್ನ ಜಾಸ್ತಿ ಬಡಿಸ್ತೀಯ’ ಅನ್ನೋ ಆರೋಪ ಬರುತ್ತಿತ್ತು.

ಅವರ ಮುಂದಿನ ಹಲ್ಲುಗಳ ನಡುವೆ ಸಂದಿ ಅಗಲವಾಗಿದ್ದು, ಒಂದೇ ಕಡೆ ಅಗಿಯುತ್ತಿದ್ದುದು ಮನೆಯಲ್ಲಿ ಎಲ್ಲರಿಗೂ ವಯಸ್ಸಿನ ಲಕ್ಷಣ. ರಾತ್ರಿ ಊಟಕ್ಕೆ ಮುದ್ದೆ, ಅದನ್ನ ನುಂಗೋಕೆ ಹಲ್ಲು ಬೇಕಿಲ್ಲವಲ್ಲ. ಕೋಡುಬಳೆ ಬೇಡ ಅಂದಾಗಲೇ ಅಮ್ಮನಿಗೆ ಅನುಮಾನ ಬಂದಿದ್ದು. ‘ನಿಮ್ಮಪ್ಪ ಕೋಡುಬಳೆ ಬೇಡ ಅಂತಾರೆ ಕಣೋ’ ಅಂತ ಫೋನ್ ಮಾಡಿ ಹೇಳಿದ್ದಳು, ಏನೋ ದೊಡ್ಡ ಅನಾಹುತದ ಸುದ್ದಿ ಹೇಳೋ ಥರ.

ಡೆಂಟಲ್ ಕಾಲೇಜೊಂದರಲ್ಲಿ ಅಪ್ಪನನ್ನ ಕೂರಿಸಿಕೊಂಡು ಒಬ್ಬ ಪಿಜಿ ಹುಡುಗಿ ಪ್ರೋಬ್ ಹಿಡಿದು ಒಂದೊಂದೇ ಹಲ್ಲಿನ ಸುತ್ತ ಆರಾರು ಕಡೆ ಅಳೆಯುತ್ತಾ ನಂಬರ್ ಹೇಳುತ್ತಾ ಹೋದಳು, ಇನ್ನೊಬ್ಬಳು ಬರೆದುಕೊಂಡಳು. ಮೂರು, ಎರಡು, ಐದು, ಆರು, ಏಳು. ಗಣಿತದ ಮೇಷ್ಟ್ರಾದ ಅಪ್ಪನಿಗೆ ಆ ಲೆಕ್ಕ ಯಾವ ಕಡೆ ಹೋಗ್ತಿದೆ ಅಂತ ಬಾಯಿ ತೆಗೆದುಕೊಂಡೇ ಅರ್ಥವಾಯ್ತು. ಕೆಳಗಿನ ಎರಡು ದವಡೆ ಹಲ್ಲು ತೆಗೆಯಲೇಬೇಕಾಯ್ತು. ಉಳಿದವನ್ನ ನಾಲ್ಕು ಸಲ ಕರೆಸಿ, ಮರಗಟ್ಟುವ ಇಂಜೆಕ್ಷನ್ ಕೊಟ್ಟು, ವಸಡಿನ ಒಳಗಿನವರೆಗೆ ಕ್ಲೀನ್ ಮಾಡಿದರು.

ಶುಗರಿಗೂ ವಸಡಿಗೂ ಇರೋದು ಎರಡೂ ಕಡೆ ಓಡಾಡುವ ರಸ್ತೆ. ಶುಗರ್ ಏರಿದಾಗ ವಸಡಿನ ಉರಿಯೂತ ಜೋರಾಗುತ್ತೆ. ವಸಡಿನಿಂದ ರಕ್ತಕ್ಕೆ ಸೇರುವ ಟಿಎನ್ಎಫ್-ಆಲ್ಫಾ, ಇಂಟರ್‌ಲ್ಯೂಕಿನ್-6 ಇನ್ಸುಲಿನ್ ಮಾತನ್ನ ಕೋಶಗಳು ಕೇಳದಂತೆ ಮಾಡುತ್ತವೆ. ಎಷ್ಟೇ ಆಗಲಿ ವಸಡು ಎಷ್ಟಿದ್ದೀತು ಅನ್ನಬೇಡಿ. ಕಾಯಿಲೆ ಇದ್ದವರಲ್ಲಿ ಹಲ್ಲುಗಳ ಸುತ್ತ ಒಳಗಡೆ ಇರುವ ಹುಣ್ಣಿನ ಜಾಗವನ್ನೆಲ್ಲ ಕೂಡಿದರೆ 8ರಿಂದ 20 ಚದರ ಸೆಂಟಿಮೀಟರ್ ಆಗಬಹುದು ಅನ್ನೋ ಅಂದಾಜಿದೆ. ಅಷ್ಟು ದೊಡ್ಡ ಗಾಯ ಮೊಣಕೈ ಮೇಲಿದ್ದರೆ ನಾವು ಅವತ್ತೇ ಆಸ್ಪತ್ರೆಗೆ ಓಡ್ತಿದ್ದೆವು.

ಶುಗರ್ ಇದ್ದವರಿಗೆ ವಸಡಿನ ಚಿಕಿತ್ಸೆ ಮಾಡಿದರೆ ಎಚ್‌ಬಿಎ1ಸಿ ಇಳಿಯುತ್ತಾ ಅಂತ ಹಲವು ಪ್ರಯೋಗಗಳನ್ನ ಒಟ್ಟು ಸೇರಿಸಿ ನೋಡಿದ 2022ರ ಕಾಕ್ರೇನ್ ವಿಮರ್ಶೆ, ಮೂರ್ನಾಲ್ಕು ತಿಂಗಳಲ್ಲಿ ಸರಾಸರಿ 0.43ರಷ್ಟು, ವರ್ಷದಲ್ಲಿ 0.50ರಷ್ಟು ಇಳಿಕೆ ಕಂಡಿತು. ಇನ್ನೊಂದು ಮಾತ್ರೆ ಸೇರಿಸಿದಾಗ ಸಿಗುವ ಲಾಭಕ್ಕೆ ಹತ್ತಿರದ ಸಂಖ್ಯೆ. ಅಪ್ಪನದು ಐದು ತಿಂಗಳಲ್ಲಿ 8.3ರಿಂದ 7.7ಕ್ಕೆ ಬಂತು. ಆದರೆ ನಡುವೆ ಡಾಕ್ಟರು ಮಾತ್ರೆಯನ್ನೂ ಬದಲಿಸಿದ್ದರು. ಒಂದೇ ಸಲ ಎರಡು ಬದಲಾವಣೆ ಮಾಡಿದರೆ ಯಾವುದರಿಂದ ಸರಿಹೋಯ್ತು ಅಂತ ಹೇಳಕ್ಕಾಗಲ್ಲ, ಹಾಗಾಗಿ ಅದನ್ನ ನಾನು ವಸಡಿನ ಖಾತೆಗೆ ಬರೆಯಲ್ಲ. ಕ್ಲೀನಿಂಗ್ ಆದ ಮೇಲೆ ಅಪ್ಪನಿಗೆ ಹಲ್ಲುಜ್ಜುವಾಗ ರಕ್ತ ಬರೋದು ನಿಂತಿದೆ. ಅದಂತೂ ಕಣ್ಣಿಗೆ ಕಾಣುವ ಫಲ.

ಹೃದಯದ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ವಸಡು ಕೆಟ್ಟವರಲ್ಲಿ ಹೃದಯದ ಕಾಯಿಲೆ ಹೆಚ್ಚು ಕಾಣುತ್ತೆ. ಆದರೆ ಒಂದರಿಂದಲೇ ಇನ್ನೊಂದು ಬರುತ್ತೆ ಅಂತ ಸಾಬೀತಾಗಿಲ್ಲ ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2012ರಲ್ಲಿ ಹೇಳಿತು. ಸಿಗರೇಟು, ಶುಗರ್ ಎರಡಕ್ಕೂ ಸಾಮಾನ್ಯ ಕಾರಣಗಳಲ್ಲವೇ? 2007ರಲ್ಲಿ ಲಂಡನ್ನಿನಲ್ಲಿ 120 ಜನರ ಮೇಲೆ ನಡೆದ ಪ್ರಯೋಗವೊಂದು ಮಾತ್ರ ಕುತೂಹಲಕಾರಿ. ವಸಡನ್ನ ಆಳವಾಗಿ ಕ್ಲೀನ್ ಮಾಡಿದ ಮರುದಿನ ಸಿಆರ್‌ಪಿ, ಇಂಟರ್‌ಲ್ಯೂಕಿನ್-6 ಏರಿದ್ದವು, ರಕ್ತನಾಳದ ಹಿಗ್ಗುವ ಶಕ್ತಿ ಕುಗ್ಗಿತ್ತು. ಆರು ತಿಂಗಳ ಹೊತ್ತಿಗೆ ಅದೇ ರಕ್ತನಾಳ ಸಾಮಾನ್ಯ ಚಿಕಿತ್ಸೆ ಪಡೆದವರಿಗಿಂತ ಚೆನ್ನಾಗಿ ಹಿಗ್ಗುತ್ತಿತ್ತು. ಇದರಿಂದ ನಮಗೊಂದು ಉಪಯೋಗದ ಮಾತು: ಹಲ್ಲು ಕ್ಲೀನ್ ಮಾಡಿಸಿದ ವಾರದಲ್ಲೇ ಹೆಲ್ತ್ ಚೆಕಪ್ ಇಟ್ಟುಕೊಳ್ಳಬೇಡಿ.

ಪುಕ್ಕಟೆ ಸಿಗುವ ಸೂಚಕ

ಇಷ್ಟೆಲ್ಲ ಓದಿದ ಮೇಲೆ ನನಗೆ ಉಳಿದ ಮಾತು ಒಂದೇ. ಲ್ಯಾಬಿಗೆ ಹೋಗದೆ, ದುಡ್ಡು ಕೊಡದೆ ನಮ್ಮ ಕೈಗೆ ಸಿಗುವ ಉರಿಯೂತದ ಸೂಚಕ ಬ್ರಶ್ಶಿನ ಮೇಲಿನ ರಕ್ತ.

ಸ್ವಿಟ್ಜರ್ಲೆಂಡಿನ ನಿಕ್ಲಾಸ್ ಲ್ಯಾಂಗ್ ಮತ್ತು ಸಂಗಡಿಗರು ಪ್ರೋಬ್ ಇಳಿಸಿದಾಗ ರಕ್ತ ಬರುವ ಜಾಗಗಳನ್ನ ಬಹಳ ಕಾಲ ಗಮನಿಸಿ, 1986 ಮತ್ತು 1990ರಲ್ಲಿ ಎರಡು ಲೆಕ್ಕ ಕೊಟ್ಟರು. ಸತತ ನಾಲ್ಕು ಭೇಟಿಯಲ್ಲೂ ರಕ್ತ ಬಂದ ಜಾಗ ಮುಂದೆ ಕೆಡುವ ಸಾಧ್ಯತೆ ಸುಮಾರು ಶೇಕಡಾ 30. ರಕ್ತ ಬರದೇ ಇರುವ ಜಾಗ ಕೆಡದೆ ಸ್ಥಿರವಾಗಿರುವ ಸಾಧ್ಯತೆ ಸುಮಾರು ಶೇಕಡಾ 98. ಅಂದರೆ ರಕ್ತ ಬಂದ ಮಾತ್ರಕ್ಕೆ ಹಲ್ಲು ಹೋಯ್ತು ಅಂತಲ್ಲ. ಬರದಿದ್ದರೆ ಮಾತ್ರ ಬಹುಮಟ್ಟಿಗೆ ನಿಶ್ಚಿಂತೆ.

ಇದರಲ್ಲೊಂದು ಮೋಸ ಇದೆ. ಸಿಗರೇಟು ಸೇದುವವರ ವಸಡಿನಲ್ಲಿ ಕಾಯಿಲೆ ಇದ್ದರೂ ರಕ್ತ ಕಡಿಮೆ ಬರುತ್ತೆ. ಅಲರ್ಟ್ ಮ್ಯೂಟ್ ಆಗಿರುತ್ತೆ, ಕುಸಿತ ಒಳಗೆ ನಡೆಯುತ್ತಿರುತ್ತೆ. ಸಿಗರೇಟು ಬಿಟ್ಟ ಮೇಲೆ ರಕ್ತ ಹೆಚ್ಚು ಬಂದರೆ ಗಾಬರಿಯಾಗಬೇಡಿ. ಅದು ಅಲರ್ಟ್ ಮತ್ತೆ ಆನ್ ಆದ ಲಕ್ಷಣ, ಹೋಗಿ ತೋರಿಸಿ.

ಇನ್ನು ಕೆಲಸಕ್ಕೆ ಬರುವ ನಾಲ್ಕು ಮಾತು.

ಒಂದು, ರಕ್ತ ಬರುತ್ತೆ ಅಂತ ಆ ಜಾಗ ಉಜ್ಜೋದನ್ನ ಬಿಡಬೇಡಿ. ಮೆತ್ತಗಿನ ಬ್ರಶ್, ದಿನಕ್ಕೆರಡು ಸಲ, ಹಲ್ಲು ಮತ್ತು ವಸಡು ಸೇರುವ ಗೆರೆಯ ಮೇಲೆ ಮೆಲ್ಲಗೆ. ಹಲ್ಲುಗಳ ನಡುವೆ ದಾರ ಅಥವಾ ಸಂದಿಗೆಂದೇ ಸಿಗುವ ಸಣ್ಣ ಬ್ರಶ್. ಡೆನ್ಮಾರ್ಕಿನ ಆ ಹನ್ನೆರಡು ಜನರಿಗೆ ಒಂದು ವಾರ ಸಾಕಾಯ್ತು. ನಿಮಗೆ ಎರಡು ವಾರವಾದರೂ ನಿಲ್ಲದಿದ್ದರೆ ಡಾಕ್ಟರ ಹತ್ತಿರ ಹೋಗಿ.

ಎರಡು, ಹೋದಾಗ ಬರೀ ಕ್ಲೀನಿಂಗ್ ಅಂತ ಕೇಳಬೇಡಿ. ‘ವಸಡಿನ ಆಳ ಅಳೆದು ಬರೆದುಕೊಡ್ತೀರಾ?’ ಅಂತ ಕೇಳಿ. ಆ ಚಾರ್ಟನ್ನ ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದಿನ ವರ್ಷ ಹೋಲಿಸೋಕೆ ಬೇಕು. ದುಡ್ಡಿನ ಚಿಂತೆ ಇದ್ದರೆ ಡೆಂಟಲ್ ಕಾಲೇಜುಗಳಿವೆ. ಸಮಯ ಹಿಡಿಯುತ್ತೆ, ಆದರೆ ಕೂಲಂಕಷವಾಗಿ ನೋಡ್ತಾರೆ.

ಮೂರು, ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತೆ ಅನ್ನೋ ಮಾತಿಗೆ ಕಿವಿಗೊಡಬೇಡಿ. ಮೂಳೆ ಹೋದ ಹಲ್ಲನ್ನ ಟಾರ್ಟರ್ ಸಿಮೆಂಟಿನ ಥರ ಹಿಡಿದುಕೊಂಡಿರುತ್ತೆ. ಅದನ್ನ ತೆಗೆದಾಗ ಇದ್ದ ಸಡಿಲ ಗೊತ್ತಾಗುತ್ತೆ.

ನಾಲ್ಕು, ಎಲ್ಲ ರಕ್ತವೂ ಕೊಳೆಯಿಂದಲ್ಲ. ಜ್ವರದ ಜೊತೆ ವಸಡಿನಲ್ಲಿ ರಕ್ತ ಬಂದರೆ ಡೆಂಗಿ ಇರಬಹುದು, ತಡ ಮಾಡದೆ ಆಸ್ಪತ್ರೆಗೆ ಹೋಗಿ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು, ಗರ್ಭಿಣಿಯರು ಡಾಕ್ಟರಿಗೆ ಅದನ್ನ ಮೊದಲೇ ಹೇಳಿ. ಶುಗರ್ ಇದ್ದವರು ವಸಡಿನ ವಿಷಯವನ್ನ ಶುಗರ್ ಡಾಕ್ಟರಿಗೂ, ಶುಗರ್ ವಿಷಯವನ್ನ ಹಲ್ಲಿನ ಡಾಕ್ಟರಿಗೂ ನೀವೇ ತಲುಪಿಸಬೇಕು. ಅವರಿಬ್ಬರ ನಡುವೆ ಬೇರೆ ಯಾವ ಇಂಟಿಗ್ರೇಷನ್ನೂ ಇಲ್ಲ.

ಅಪ್ಪನದು ವೇಗದ ಜಾತಿಯ ಕಾಯಿಲೆ ಆಗಿರಬಹುದು, ಮಕ್ಕಳಿಗೂ ಒಮ್ಮೆ ನೋಡಿಸಿ ಅಂತ ಆ ಪಿಜಿ ಹುಡುಗಿ ಹೇಳಿದ್ದರಿಂದ ನಾನೂ ನನ್ನ ತಂಗಿಯೂ ಅಳೆಸಿಕೊಂಡೆವು. ಅವಳದು ಎಲ್ಲ 2, 3. ನನ್ನದು ಎರಡು ಕಡೆ 4 ಇದೆ, ಎರಡರಲ್ಲೂ ರಕ್ತ ಬಂತು. ಮೂಳೆ ಇನ್ನೂ ಗಟ್ಟಿ ಇದೆಯಂತೆ. ಮೂರು ತಿಂಗಳು ಬಿಟ್ಟು ಮತ್ತೆ ಅಳೆಯೋಣ ಅಂದಿದ್ದಾರೆ. ಆ ಎರಡು ಜಾಗದ ಹೊಸ ನಂಬರ್ ಬಂದಾಗ ಇದೇ ಅಂಕಣದಲ್ಲಿ ಬರೀತೀನಿ. ಅಷ್ಟರಲ್ಲಿ ನೀವೂ ನಿಮ್ಮನೆಯ ಹಿರಿಯರನ್ನ ಒಮ್ಮೆ ಕೇಳಿ ನೋಡಿ, ಈಗಲೂ ಎರಡೂ ಕಡೆ ಅಗಿಯುತ್ತೀರಾ ಅಂತ.